ಮೊದಲ ಮಣೆ ಬಿಟ್ಟುಕೊಟ್ಟ ಡಿಸ್ಕು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕಂಪ್ಯೂಟರ್ ರಿಪೇರಿಯ ಷಡಕ್ಷರಯ್ಯನವರು.

ಒಂದು ಮನೆಯ ಹಳೆಯ ಕಂಪ್ಯೂಟರಿನೊಳಗೆ ಸಣ್ಣ ಹಾರ್ಡ್ ಡಿಸ್ಕೊಂದಿತ್ತು. ತೀರಿಹೋದ ಮನೆಯೊಡತಿ ಗೌರಮ್ಮನವರು ಹಾಡಿದ ಭಜನೆಗಳು ಉಳಿದಿದ್ದದ್ದು ಅದೊಂದರಲ್ಲೇ. ಅದಕ್ಕೆ ಮುಪ್ಪಾಯಿತೆಂದು, ಆ ಹಾಡುಗಳನ್ನು ತುಂಬಿಡಲು ಮನೆಯವರು ದೊಡ್ಡ ಡಿಸ್ಕೊಂದನ್ನು ಕೊಂಡುತಂದು ಪಕ್ಕದಲ್ಲೇ ಜೋಡಿಸಿದರು.

"ಬಾರಪ್ಪ, ಬಂದವರು ಮೊದಲ ಮಣೆಯಲ್ಲಿ ಕೂರಬೇಕು," ಎಂದು ಹಳೆಯ ಡಿಸ್ಕು ತನ್ನ ಮಣೆಯಿಂದ ಎದ್ದಿತು.

"ಬೇಡ ಅಜ್ಜ, ಹಿರಿಯರು ನೀವು."

"ಈ ಮನೆಯಲ್ಲಿ ಅದೆಲ್ಲ ನಡೆಯೋದಿಲ್ಲ, ಕೂತ್ಕೋ!"

ಇಬ್ಬರೂ ಜಾಗ ಬದಲಿಸಿದರು. ಕಂಪ್ಯೂಟರಿಗೋ ಮುಖದ ಗುರುತಿಲ್ಲ, ಮಣೆಯ ಗುರುತು ಮಾತ್ರ; ಎರಡನೆಯ ಮಣೆಯಲ್ಲಿರುವುದೇ ಹೊಸದೆಂದು ಅದರ ಲೆಕ್ಕ.

"ಎರಡನೆಯ ಮಣೆಯವರೇ, ಹೊಸಬರನ್ನು ತೊಳೆದು, ಇದ್ದದ್ದನ್ನೆಲ್ಲ ಅಳಿಸಿಯೇ ಒಳಗೆ ಸೇರಿಸಿಕೊಳ್ಳುವುದು ನನ್ನ ಪದ್ಧತಿ," ಎಂದು ಅದು ತೊಳೆಯತೊಡಗಿತು.

"ತಡಿಯೋ, ನಾನು ಕಣೋ!" ಎಂದು ಹಳೆಯದು ಕೂಗಿತು. ಆ ಕೂಗೂ ತೊಳೆದುಹೋಯಿತು.

ದೊಡ್ಡ ಡಿಸ್ಕು ಕೇಳಿತು: "ಅಜ್ಜ, ಗೌರಮ್ಮನವರ ಹಾಡು ಕೊಡಿ."

"ಯಾವ ಗೌರಮ್ಮ? ತಾವು ಯಾರು?" ಎಂದಿತು ಹಳೆಯದು. ಮತ್ತೆ ಹೇಳಿತು: "ಯಾರಾದರಾಗಲಿ, ಬನ್ನಿ, ಮೊದಲ ಮಣೆಯಲ್ಲಿ ಕೂತ್ಕೊಳ್ಳಿ."

ಅಷ್ಟು ದೊಡ್ಡ ಹೊಟ್ಟೆಗೆ ತುಂಬಲು ಏನೂ ಉಳಿಯಲಿಲ್ಲ. ಶಿವನೇ, ಆ ದನಿ ಇನ್ನೆಲ್ಲಿ!

ಕೇಳಿದವರು ಈ ಕಥೆಯನ್ನು ಇವತ್ತೇ ಇನ್ನೊಬ್ಬರ ಕಿವಿಗೆ ಹಾಕಿ. ನಿಮ್ಮೊಬ್ಬರ ಹತ್ತಿರವೇ ಇಟ್ಟುಕೊಳ್ಳಬೇಡಿ.