ಜೇಡದ ದೇಶಕ್ಕೆ ಹೋದ ರೇಷ್ಮೆಯವಳು

“ಗುರುಗಳೇ, ಭಯ ಹೋದ ಮೇಲೆ ಹೊರಡಬೇಕೋ, ಹೊರಟ ಮೇಲೆ ಭಯ ಹೋಗುತ್ತದೋ?” ಎಂದು ಚನ್ನವೀರ ಕೇಳಿದ.

ಚನ್ನವೀರ ಮಠದ ಶಿಷ್ಯರಲ್ಲಿ ಚುರುಕಾದವನು. ಸಮುದ್ರದಾಚೆಯ ದೇಶವೊಂದರಲ್ಲಿ ನೆಲೆಸಿದ ನಮ್ಮ ಜನರ ಮಕ್ಕಳಿಗೆ ಓದುಬರಹ ಕಲಿಸಲು ಅವನನ್ನು ಕಳಿಸುವುದೆಂದು ನಿಶ್ಚಯವಾಗಿತ್ತು. ಹಡಗು ಹೊರಡಲು ಮೂರು ದಿನ ಉಳಿದಿತ್ತು. ಆದರೆ ತಿಂಗಳ ಹಿಂದೆ ಆ ದೇಶದಿಂದ ಬಂದ ಯಾತ್ರಿಕನೊಬ್ಬ, ಅಲ್ಲಿನ ಗೋಡೆಗಳ ಮೇಲೆ ಅಂಗೈ ಅಗಲದ ಜೇಡಗಳಿರುತ್ತವೆ ಎಂದು ಹೇಳಿಬಿಟ್ಟಿದ್ದ. ಅಂದಿನಿಂದ ಚನ್ನವೀರನಿಗೆ ಊಟ ಸೇರುತ್ತಿರಲಿಲ್ಲ. ಅವು ಕಚ್ಚುತ್ತವೆಯೇ, ನೆಗೆಯುತ್ತವೆಯೇ, ಹಾಸಿಗೆಯೊಳಗೆ ಬರುತ್ತವೆಯೇ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದ.

ಗುರುಗಳು ನಕ್ಕರು. “ಕೂತುಕೋ. ಜೇಡದ ಕತೆಯನ್ನೇ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ” ಎಂದು ಹೇಳತೊಡಗಿದರು.

ರೇಷ್ಮೆ ಹುಳು ಸಾಕುವ ಹೆಂಗಸೊಬ್ಬಳಿದ್ದಳು. ಹೆಸರಿಲ್ಲದಿದ್ದರೆ ನಿನಗೆ ಕತೆ ರುಚಿಸುವುದಿಲ್ಲ, ಮುದ್ದೀರಮ್ಮ ಎಂದಿಟ್ಟುಕೋ. ಇಪ್ಪತ್ತು ವರ್ಷ ಅವಳು ಬೇರೆಯವರ ಹುಳುಮನೆಗಳಲ್ಲಿ ದುಡಿದಿದ್ದಳು. ಬೇರೆಯವರ ತಟ್ಟೆಗೆ ಸೊಪ್ಪು ಹಾಕಿ, ಬೇರೆಯವರ ಗೂಡು ಬಿಡಿಸಿ, ಕೊನೆಗೆ ಬೇರೆಯವರ ಅಂಗಳ ಗುಡಿಸಿ ಮನೆಗೆ ಹೋಗುವವಳು. ಹುಳುವಿನ ವಿಷಯದಲ್ಲಿ ಅವಳ ಕೈಗೆ ಸಮನಾದ ಕೈ ಆ ಸೀಮೆಯಲ್ಲಿರಲಿಲ್ಲ. ಹುಳು ತಲೆ ಎತ್ತಿದ ರೀತಿ ನೋಡಿಯೇ ಅದಕ್ಕೆ ಹಸಿವೋ ಜ್ವರವೋ ಹೇಳುತ್ತಿದ್ದಳು. ಹುಳು ಪೊರೆ ಬಿಡುವ ಮುನ್ನ ಮೇವು ತೊರೆದು ಮಲಗುವುದಕ್ಕೆ ಆ ಕಸುಬಿನವರು ಜ್ವರ ಎನ್ನುತ್ತಾರೆ. ಸಾವಿರ ಹುಳುಗಳ ನಡುವೆ ಕೈಯಾಡಿಸುವ ಈ ಹೆಂಗಸಿಗೆ ಜೇಡ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಏಕೆಂದು ಕೇಳಬೇಡ, ಅವಳಿಗೂ ಗೊತ್ತಿರಲಿಲ್ಲ.

ಒಂದು ದಿನ ಸಮುದ್ರದಾಚೆಯ ದೇಶದ ದೊರೆಯಿಂದ ಕರೆ ಬಂತು. ಅಲ್ಲಿ ಹಿಪ್ಪುನೇರಳೆ ಮರಗಳು ಕಾಡಿನ ಹಾಗೆ ಬೆಳೆದಿದ್ದವು. ಜನ ಹಣ್ಣು ತಿನ್ನುತ್ತಿದ್ದರೇ ಹೊರತು ಸೊಪ್ಪಿನ ಬೆಲೆ ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳೆ ಎತ್ತಿ ತೋರಿಸು, ಮನೆಯೂ ಮರಗಳೂ ನಿನ್ನವು. ಎತ್ತದಿದ್ದರೆ ಬಂದ ಹಡಗಿನಲ್ಲೇ ಹಿಂದಿರುಗು ಎಂದು ದೊರೆ ಬರೆಸಿ ಕಳಿಸಿದ್ದ. ಮುದ್ದೀರಮ್ಮ ಆ ಮಾತನ್ನು ಮೂರು ಸಲ ಓದಿಸಿಕೊಂಡಳು. ಮೂರನೆಯ ಸಲ ಕೇಳುವಾಗ ಅವಳು ಎದ್ದುನಿಂತಿದ್ದಳು. ತನ್ನದೇ ಹುಳುಮನೆ! ಮೊಟ್ಟೆ ಅಂಟಿದ ಬಟ್ಟೆಯನ್ನು ಮಣ್ಣಿನ ಗಡಿಗೆಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಸುತ್ತಿ, ಇಡೀ ಪ್ರಯಾಣ ಅದನ್ನು ಮಡಿಲಲ್ಲೇ ಇಟ್ಟುಕೊಂಡಳು. ಅಲೆಗೆ ಹಡಗು ಓಲಾಡಿದಾಗ ಉಳಿದವರು ದೇವರ ಹೆಸರು ಹೇಳಿದರೆ ಇವಳು ಗಡಿಗೆಯನ್ನು ಸಮಾಧಾನ ಮಾಡುತ್ತಿದ್ದಳು.

ಇಳಿದವಳೇ ನೇರ ಮರಗಳ ಬಳಿಗೆ ಓಡಿದಳು. ಎಂಥ ಸೊಪ್ಪು! ಅಂಗೈ ಅಗಲ, ಮುರಿದರೆ ಹಾಲು ಸುರಿಯುವಷ್ಟು ಎಳಸು. ಅವಳು ಕೊಂಬೆ ಬಗ್ಗಿಸಿ ಎಲೆ ಕಿತ್ತು ಮೂಸಿದಳು, ಒಂದು ತುಂಡು ತಿಂದೂ ನೋಡಿದಳು. ನಂತರ ದೊರೆ ಕಟ್ಟಿಸಿದ್ದ ಹೊಸ ಮನೆಯೊಳಗೆ ಹೋಗಿ ಮೂಲೆ ಮೂಲೆ ಇಣುಕಿದಳು. ಒಂದೇ ಒಂದು ಜೇಡವಿರಲಿಲ್ಲ. ಮುದ್ದೀರಮ್ಮನ ಸಂತೋಷಕ್ಕೆ ಎಣೆಯಿಲ್ಲ. ಹೊಸ ದೇಶ ತನಗಾಗಿಯೇ ಗುಡಿಸಿಟ್ಟು ಕಾಯುತ್ತಿತ್ತು ಎಂದುಕೊಂಡಳು.

ಜೇಡವಿಲ್ಲದ್ದಕ್ಕೆ ಕಾರಣ ಬೇರೆಯಿತ್ತು. ಆ ದೇಶದಲ್ಲಿ ಹೊಸ ಮನೆ ಕಟ್ಟಿದರೆ ನೆರೆಯವರು ತಂತಮ್ಮ ಮನೆಯ ಜೇಡವೊಂದನ್ನು ತಂದು ಉಡುಗೊರೆ ಕೊಡುವುದು ವಾಡಿಕೆ. ಮನೆಯಾಕೆ ಅದನ್ನು ತಾನೇ ಗೋಡೆಗೆ ಬಿಟ್ಟರೆ ಅವಳು ಆ ಊರಿನವಳಾದಳು ಎಂದು ಅರ್ಥ. ಮುದ್ದೀರಮ್ಮನಿಗೆ ಇದು ಹೇಗೆ ತಿಳಿಯಬೇಕು? ಪಕ್ಕದ ಮನೆಯ ಮುದುಕಿ ಬಟ್ಟೆ ಮುಚ್ಚಿದ ಕುಡಿಕೆ ಹಿಡಿದು ಬಂದಾಗ, ಅಹಾ, ಮೊಸರು ತಂದಿದ್ದಾರೆ ಎಂದು ಎರಡೂ ಕೈ ನೀಡಿ ಇಸಿದುಕೊಂಡಳು. ಬಟ್ಟೆ ತೆಗೆದಳು. ಒಳಗಿನಿಂದ ಎಂಟು ಕಾಲು ಮೇಲೆದ್ದವು.

ಕುಡಿಕೆ ನೆಲಕ್ಕೆ ಬಿದ್ದು ಚೂರಾಯಿತು. ಜೇಡ ಗೋಡೆ ಹತ್ತಿತು. ಮುದ್ದೀರಮ್ಮ ಅಂಗಳ ದಾಟಿ, ಬೀದಿ ದಾಟಿ, ಹಿಪ್ಪುನೇರಳೆ ಮರ ಹತ್ತಿ ಕೂತಿದ್ದಳು. ಅಷ್ಟರಲ್ಲಿ ಇನ್ನೂ ಎಂಟು ಮನೆಯವರು ಎಂಟು ಕುಡಿಕೆ ಹಿಡಿದು ಸಾಲಾಗಿ ಬರುತ್ತಿದ್ದರು. ಅವರಿಗೆಲ್ಲ ಅವಳು ಮರದ ಮೇಲಿನಿಂದಲೇ ಕೈಮುಗಿದು ಬೇಡವೆಂದಳು. ಅವರು ಮುಖ ಸಪ್ಪಗೆ ಮಾಡಿಕೊಂಡು ಹಿಂದಿರುಗಿದರು. ಮಾರನೆಯ ದಿನದಿಂದ ಯಾರೂ ಅವಳನ್ನು ಮಾತನಾಡಿಸಲಿಲ್ಲ.

ಅವಳು ಗೋಡೆಯಲ್ಲಿದ್ದ ಆ ಒಂದನ್ನೂ ಉದ್ದನೆಯ ಕೋಲಿಗೆ ಪೊರಕೆ ಕಟ್ಟಿ ಓಡಿಸಿದಳು. ಸುಣ್ಣ ಬಳಿದಳು, ಹೊಗೆ ಹಾಕಿದಳು. ಹುಳುಮನೆಯಲ್ಲಿ ಬಲೆ ಕಟ್ಟಲು ಬಿಡಬಾರದು, ಅದು ನಮ್ಮ ಕಸುಬಿನ ನಿಯಮ ಎಂದು ತನಗೆ ತಾನೇ ಹೇಳಿಕೊಂಡಳು. ಮಾತು ಸುಳ್ಳಲ್ಲ. ಆದರೆ ಊರಿನಲ್ಲಿ ಬೆಳೆಗೊಮ್ಮೆ ಬಲೆ ತೆಗೆಯುತ್ತಿದ್ದವಳು ಇಲ್ಲಿ ದಿನಕ್ಕೆ ನಾಲ್ಕು ಸಲ ಸೂರಿನ ಕಡೆ ಪೊರಕೆ ಎತ್ತುತ್ತಿದ್ದಳು. ಭಯಕ್ಕೆ ನಿಯಮದ ಅಂಗಿ ತೊಡಿಸಿದರೆ ಅದಕ್ಕೆ ಎಲ್ಲಿಲ್ಲದ ಮರ್ಯಾದೆ ಬರುತ್ತದೆ, ನೋಡು.

ಮೊಟ್ಟೆ ಒಡೆದವು. ಸಾಸಿವೆಗಿಂತ ಸಣ್ಣ ಹುಳುಗಳು ಕಪ್ಪಗೆ ಹರಿದಾಡಿದಾಗ ಮುದ್ದೀರಮ್ಮ ಒಬ್ಬಳೇ ಚಪ್ಪಾಳೆ ತಟ್ಟಿದಳು. ಮೊದಲನೆಯ ಜ್ವರ ದಾಟಿತು, ಎರಡನೆಯದು ದಾಟಿತು. ಹುಳುಗಳು ಬೆರಳಿನಷ್ಟಾಗುತ್ತ ಬಂದವು. ಅವಳು ಮರಕ್ಕೂ ಮನೆಗೂ ಓಡಾಡಿ ಬುಟ್ಟಿಗಟ್ಟಲೆ ಸೊಪ್ಪು ತಂದು ಹಾಕಿದಳು. ಕಾಲು ನೋಯುತ್ತಿತ್ತು, ಮನಸ್ಸು ಹಾರುತ್ತಿತ್ತು. ನಾಲ್ಕನೆಯ ಜ್ವರ ಎದ್ದ ದಿನ ನೊಣ ಬಂತು.

ಅದು ಮನೆಯ ನೊಣವಲ್ಲ. ಹುಳುವಿನ ಮೈಮೇಲೆ ಮೊಟ್ಟೆಯಿಡುವ ನೊಣ. ಇಟ್ಟ ಕಡೆ ಕಪ್ಪು ಚುಕ್ಕೆಯಾಗುತ್ತದೆ. ಚುಕ್ಕೆ ಬಿದ್ದ ಹುಳು ಗೂಡು ಕಟ್ಟುವುದಿಲ್ಲ. ಮೊದಲ ದಿನ ಏಳು ಹುಳುಗಳಿಗೆ ಚುಕ್ಕೆ ಬಿತ್ತು. ಮಾರನೆಯ ದಿನ ಎಣಿಸುವುದನ್ನು ಬಿಟ್ಟಳು. ಇದ್ದಬದ್ದ ಸೀರೆಗಳನ್ನೆಲ್ಲ ಕಿಟಕಿಗೆ ಕಟ್ಟಿದಳು. ಒಳಗೆ ಸೆಕೆಯೇರಿ ಹುಳುಗಳು ಮೇವು ಬಿಟ್ಟವು. ಸೀರೆ ತೆಗೆದಳು, ನೊಣ ನುಗ್ಗಿತು. ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನು ಆರೇ ದಿನ. ಈ ಹುಳುಗಳು ಸತ್ತರೆ ಬೇರೆ ಮೊಟ್ಟೆಯಿಲ್ಲ. ಮತ್ತೆ ಅದೇ ಊರು, ಅದೇ ಬೇರೆಯವರ ಅಂಗಳ. ಮುದ್ದೀರಮ್ಮ ಹೊಸ್ತಿಲಲ್ಲಿ ಕೂತು ಅತ್ತಳು.

ಅಳುತ್ತಲೇ ಎದ್ದು ಸೊಪ್ಪಿಗೆ ಹೊರಟವಳ ಕಣ್ಣು ಪಕ್ಕದ ಮನೆಯ ಬಾಗಿಲಲ್ಲಿ ಒಳಗೆ ಬಿತ್ತು. ಮುದುಕಿ ಹಾಲಿನ ಪಾತ್ರೆಯನ್ನು ಮುಚ್ಚದೆ ಇಟ್ಟಿದ್ದಳು. ಹಾಲಿನ ಮೇಲೆ ಒಂದು ನೊಣವಿಲ್ಲ. ಪಾತ್ರೆಯ ಸುತ್ತ ಇಲ್ಲ, ಮನೆಯಲ್ಲೇ ಇಲ್ಲ. ಅವಳು ತಲೆ ಎತ್ತಿ ಮುದುಕಿಯ ಸೂರು ನೋಡಿದಳು. ಒಡನೆಯೇ ತಲೆ ತಗ್ಗಿಸಿದಳು. ಸೂರಿನಲ್ಲಿ ಏನಿತ್ತು ಎಂಬುದನ್ನು ನಿನಗೆ ಹೇಳಬೇಕಾಗಿಲ್ಲ.

ಅವಳು ಒಳಗೆ ಹೋದಳು. ಆ ದೇಶದ ಹತ್ತಿಪ್ಪತ್ತು ಮಾತು ಕಲಿತಿದ್ದಳು, ಉಳಿದದ್ದಕ್ಕೆ ಕೈಸನ್ನೆ ಇತ್ತು.

“ಅವ್ವಾ, ತಪ್ಪಾಯ್ತು. ಅವತ್ತು ತಂದಿದ್ರಲ್ಲ, ಅದನ್ನ ಇನ್ನೊಂದ್ಸಲ ಕುಡಿಕೇಲಿ ಹಾಕ್ಕೊಡಿ” ಎಂದಳು.

ಮುದುಕಿ ತಲೆಯಾಡಿಸಿದಳು. “ಕುಡಿಕೆಯಲ್ಲಿ ಕೊಡುವುದು ಒಂದೇ ಸಲ, ಮಗಳೇ. ಒಲ್ಲೆ ಎಂದವರು ತಾವೇ ಬಂದು ಕೈಮೇಲೆ ಒಯ್ಯಬೇಕು. ನಮ್ಮಲ್ಲಿ ಹಾಗೆಯೇ.”

ಮುದ್ದೀರಮ್ಮ ಗೋಡೆಯ ಮುಂದೆ ನಿಂತಳು. ಹೊರಗೆ ಓಡಿದಳು. ಅಲ್ಲಿಂದ ತನ್ನ ಹುಳುಮನೆ ಕಂಡಿತು, ಒಳಗೆ ಬಂದಳು. ಮತ್ತೆ ಓಡಿದಳು, ಮತ್ತೆ ಬಂದಳು. ಜೇಡ ತನ್ನ ಪಾಡಿಗೆ ತಾನು ಕೂತಿತ್ತು. ಹಿಡಿಯಲು ಕೈ ಏಳಲೇ ಇಲ್ಲ. ಆಗ ಅವಳಿಗೆ ತನ್ನ ಕಸುಬು ನೆನಪಾಯಿತು. ಜ್ವರದಿಂದೆದ್ದ ಹುಳುವನ್ನು ಯಾರೂ ಚಿವುಟಿ ಹಿಡಿಯುವುದಿಲ್ಲ. ಮುಂದೆ ಎಲೆಯಿಟ್ಟರೆ ಅದೇ ಹತ್ತಿಕೊಂಡು ಬರುತ್ತದೆ. ಇಪ್ಪತ್ತು ವರ್ಷ ಅವಳು ಯಾವ ಹುಳುವನ್ನೂ ಹಿಡಿದಿರಲಿಲ್ಲ. ಎಲ್ಲವೂ ತಾವಾಗಿಯೇ ಬಂದಿದ್ದವು.

“ಕೈಮೇಲೆ ಒಂದು ಎಲೆ ಇಟ್ಕೋಬೌದಾ?” ಎಂದು ಕೇಳಿದಳು.

“ಇಟ್ಟುಕೋ. ಕಣ್ಣು ಮಾತ್ರ ಮುಚ್ಚಬೇಡ, ಎಡವಿ ಬಿದ್ದೀಯ” ಎಂದಳು ಮುದುಕಿ.

ಅವಳು ಓಡಿಹೋಗಿ ಹಿಪ್ಪುನೇರಳೆಯ ಎಲೆ ತಂದು, ಅಂಗೈಮೇಲಿಟ್ಟು, ಅಂಗೈಯನ್ನು ಗೋಡೆಗೆ ತಾಗಿಸಿ ಕಾದಳು. ಜೇಡ ಒಂದು ಕಾಲು ಚಾಚಿ ಎಲೆಯನ್ನು ಮುಟ್ಟಿತು. ಹಿಂದೆಗೆಯಿತು. ಮತ್ತೆ ಮುಟ್ಟಿತು. ಅದಕ್ಕೂ ಗಾಬರಿಯೋ ಏನೋ, ಬಹಳ ಹೊತ್ತು ಹಿಂದೆ ಮುಂದೆ ನೋಡಿತು. ಕೊನೆಗೆ ಎಂಟೂ ಕಾಲೆತ್ತಿ ಎಲೆಯ ಮೇಲೆ ಬಂತು. ಎಲೆಯ ಮೇಲೆ ನಿಲ್ಲದೆ ಮಣಿಕಟ್ಟಿಗೆ ಹತ್ತಿತು.

ಮುದ್ದೀರಮ್ಮ ಹೊರಟಳು. ಮನೆಯಿಂದ ಮನೆಗೆ ನಲವತ್ತು ಹೆಜ್ಜೆ. ಹೆಜ್ಜೆಹೆಜ್ಜೆಗೂ ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಕೂಗುತ್ತ ನಡೆದಳು. “ಬಂದೆ ಕಣ್ರೋ! ಸಾಯ್ಬ್ಯಾಡಿ ಕಣ್ರೋ! ಅಯ್ಯಯ್ಯೋ, ತೋಳಿಗೆ ಹತ್ತಿತು, ಹತ್ತಲಿ ಬಿಡು, ಬಂದೇಬಿಟ್ಟೆ!” ಕೂಗು ಯಾರಿಗೆಂದು ಊರಿನವರಿಗೆ ತಿಳಿಯಲಿಲ್ಲ. ಆದರೆ ಮಾತು ಬಿಟ್ಟಿದ್ದವರೆಲ್ಲ ಮನೆಗಳಿಂದ ಹೊರಗೆ ಬಂದರು. ಬಂದವರು ಜತೆಗೆ ನಡೆದರು. ಅವಳು ಕೂಗಿದಾಗ ತಾವೂ ಕೂಗಿದರು. ಜೇಡ ಭುಜ ತಲುಪುವ ಮೊದಲು ಅವಳು ಹುಳುಮನೆ ತಲುಪಿ, ತೋಳನ್ನು ಗೋಡೆಗೆ ಒತ್ತಿ ನಿಂತಳು. ಅದು ಇಳಿದು ಸೂರಿನ ಕಡೆ ಹೋಯಿತು. ಜನ ಹೋ ಎಂದರು. ಮುದ್ದೀರಮ್ಮ ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಒಂದರಿಂದ ಆಗುವಂತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಹೊಸ ಎಲೆ ಕಿತ್ತುಕೊಂಡು, ಎರಡನೆಯ ಮನೆಯ ಬಾಗಿಲಿಗೆ ಹೋದಳು. ಅಂದು ಸಂಜೆಯೊಳಗೆ ಒಂಬತ್ತು ಮನೆ ಸುತ್ತಿದಳು. ಐದನೆಯ ಮನೆಯವರು ಅವಳಿಗೆ ಕುಡಿಯಲು ನೀರು ಕೊಟ್ಟರು. ಏಳನೆಯ ಮನೆಯವರು ತಮ್ಮಲ್ಲಿದ್ದವುಗಳಲ್ಲೇ ದೊಡ್ಡದನ್ನು ಪ್ರೀತಿಯಿಂದ ತೋರಿಸಿದರು. ಆ ಪ್ರೀತಿ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತಿತ್ತು ಎಂದು ಅವಳಿಗೆ ಅನ್ನಿಸಿರಬೇಕು.

ಎರಡು ದಿನದಲ್ಲಿ ನೊಣ ಇಳಿಯಿತು. ಮೂರನೆಯ ದಿನ ಹೊಸ ಚುಕ್ಕೆ ಬೀಳಲಿಲ್ಲ. ಮೂರರಲ್ಲೊಂದು ಪಾಲು ಹುಳು ಹೋಗಿದ್ದವು. ಉಳಿದವು ಗಬಗಬನೆ ಸೊಪ್ಪು ತಿಂದವು. ಆರನೆಯ ದಿನ ಮೈ ತಿಳಿಯಾಗಿ, ತಲೆ ಎತ್ತಿ, ಹಣ್ಣಾದವು. ಅವಳು ಅವುಗಳನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕಿತ್ತು. ಸಾವಿರ ಹುಳು ಒಟ್ಟಿಗೇ ಹಣ್ಣಾದರೆ ಒಬ್ಬಳ ಕೈ ಎಲ್ಲಿ ಸಾಲುತ್ತದೆ? ಒಂಬತ್ತು ಮನೆಯವರೂ ಬಂದು ಕೈ ಹಚ್ಚಿದರು. ಅಲ್ಲಿಂದ ಐದನೆಯ ದಿನ ಗೂಡು ಬಿಡಿಸಿದಾಗ ಮನೆಯೆಲ್ಲ ಹಳದಿ. ಮುದುಕಿ ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಗಿಲಕ್ಕೆಂದಾಗ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ದೊರೆಯ ಹಡಗು ಬಂತು. ಬಂದ ಹಾಗೆಯೇ, ಮುದ್ದೀರಮ್ಮನಿಲ್ಲದೆ, ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಕಣ್ಣು ಹೊಳೆಯುತ್ತಿದ್ದವು. ಅವನು ಯಾವಾಗಲೋ ಎದ್ದು ಮೊಣಕಾಲ ಮೇಲೆ ಕೂತಿದ್ದ.

“ಹಾಗಾದರೆ ಒಂಬತ್ತನೆಯದನ್ನು ಒಯ್ಯುವ ಹೊತ್ತಿಗೆ ಅವಳ ಭಯ ಪೂರಾ ಹೋಗಿತ್ತು, ಅಲ್ಲವೇ ಗುರುಗಳೇ?”

“ಎಲ್ಲಿಯ ಮಾತು! ಒಂಬತ್ತನೆಯದಕ್ಕೂ ಅಯ್ಯಯ್ಯೋ ಎಂದು ಕೂಗುತ್ತಲೇ ನಡೆದಳು. ಸಾಯುವವರೆಗೂ ಅವಳು ಮುಖದ ಮೇಲೆ ಸೆರಗು ಹೊದ್ದೇ ಮಲಗಿದ್ದು.”

ಚನ್ನವೀರ ಪೆಚ್ಚಾದ. ಅವನು ಕೇಳಬೇಕೆಂದಿದ್ದ ಉತ್ತರ ಅದಾಗಿರಲಿಲ್ಲ. “ಭಯ ಹಾಗೇ ಇದ್ದರೆ ನಲವತ್ತು ಹೆಜ್ಜೆ ಹೇಗೆ ನಡೆದಳು?” ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: “ಜೇಡದ ಮಾತನ್ನು ನಿನ್ನ ಬಾಯಿಂದ ಒಂದು ತಿಂಗಳಿಂದ ಕೇಳುತ್ತಿದ್ದೇನೆ ಚನ್ನವೀರ, ಅಲ್ಲಿ ನಿನ್ನ ಪಾಠಕ್ಕೆ ಕಾದಿರುವ ಮಕ್ಕಳ ಮಾತನ್ನು, ನಿನ್ನ ಹುಳುಗಳ ಮಾತನ್ನು, ಒಂದು ದಿನವೂ ಕೇಳಿಲ್ಲ.”