ಕೆಂಚವ್ವ ಗೀರಿದ ಸಾರೋಟು

ಕೂತ್ಕೊಳ್ಳಿ ಮಕ್ಕಳಾ. ಗಲಾಟೆ ಮಾಡೋರು ಆಚೆ ಹೋಗಿ. ಇದು ನಮ್ಮ ಬಣ್ಣಗಾರರ ಕೇರಿಯ ಕಥೆ, ಬೆನ್ನು ನೆಟ್ಟಗೆ ಮಾಡ್ಕೊಂಡು ಕೇಳಬೇಕು.

ಒಂದಾನೊಂದು ರಾಜ್ಯದಲ್ಲಿ ಒಬ್ಬ ರಾಜ ಇದ್ದ. ಅವನಿಗೊಂದು ಸಾರೋಟು ಇತ್ತು. ನಾಲ್ಕು ಕುದುರೆ, ನಾಲ್ಕು ಚಕ್ರ, ಮೈತುಂಬಾ ಕುಂಕುಮದಂಥ ಕೆಂಪು. ಒಂದು ಸಲ ಪಕ್ಕದ ರಾಜ್ಯಕ್ಕೆ ಹೊರಟಾಗ ದಾರೀಲಿ ಮಳೆ ಹಿಡೀತು ನೋಡಿ, ಬಣ್ಣವೆಲ್ಲ ತೊಟತೊಟ ಇಳಿದು ಹೋಯ್ತು. ಅಲ್ಲಿಯ ಮಂದಿ, "ಏನ್ರಯ್ಯಾ, ನಿಮ್ಮ ರಾಜನ ಸಾರೋಟಿಗೆ ಮೂಗಲ್ಲಿ ರಕ್ತ ಬಂದದಲ್ಲ!" ಅಂತ ಹೊಟ್ಟೆ ಹಿಡ್ಕೊಂಡು ನಕ್ಕರು.

ರಾಜನಿಗೆ ಮಾನ ಹೋದಂಗಾಯ್ತು. ಬಂದವನೇ ಡಂಗುರ ಹೊಡೆಸಿದ. "ಮಳೆಗೆ ಇಳಿಯಬಾರದು, ಬಿಸಿಲಿಗೆ ಬಿಳಚಬಾರದು, ಧೂಳಿಗೆ ಮಂಕಾಗಬಾರದು. ಅಂಥ ಬಣ್ಣ ಯಾರು ಹಾಕ್ತಾರೋ ಅವರ ಮನೆ ಗುರುತು ಸಾರೋಟಿನ ಬಾಗಿಲ ಮೇಲೆ ನಿಲ್ಲುತ್ತೆ. ಅರಮನೆ ಗಾಡಿಗಳ ಬಣ್ಣದ ಕೆಲಸವೆಲ್ಲ ತಲೆತಲಾಂತರಕ್ಕೂ ಅವರ ಕೈಗೇ."

ನಮ್ಮ ಕೇರಿ ಕೆಂಚವ್ವ ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತಳು. "ನಾನು ಹಾಕ್ತೀನಿ ಬುದ್ಧಿ. ನಮ್ಮ ಮನೆ ಗುರುತು ಗಿಳಿ. ಬಾಗಿಲಲ್ಲಿ ಜಾಗ ಬಿಟ್ಟಿರಿ."

ಎಂಥಾ ಎದೆಗಾರಿಕೆ ಅಂತೀರಿ!

ಧೂಳು ಕೂತರೆ ಕೆಲಸ ಕೆಟ್ಟಿತು ಅಂತ ಸಾರೋಟನ್ನ ಲಾಯದ ಕೊಟ್ಟಿಗೆಯೊಳಗೆ ನಿಲ್ಲಿಸಿ ಬಾಗಿಲು ಹಾಕಿಸಿದಳು. ಒಂದು ಬೀಗದ ಕೈ ಅವಳ ಹತ್ತಿರ, ಇನ್ನೊಂದು ಲಾಯದ ಯಜಮಾನ ಶಾಮೋಜಿ ಹತ್ತಿರ. ಅವಳು ಬಿಟ್ಟರೆ ಅವನೊಬ್ಬನೇ ಒಳಗೆ ಹೋಗೋನು.

ಕೆಂಚವ್ವ ಕೆಂಪು ಬಳಿದಳು, ಒಣಗಿಸಿದಳು. ಮರದ ರಾಳವನ್ನ ಅಗಸೆ ಎಣ್ಣೇಲಿ ಕಾಯಿಸಿ ಮೆರುಗೆಣ್ಣೆ ಮಾಡಿದಳು. ಮೊದಲನೇ ಪದರ ಹಚ್ಚಿದಳು. ಸಂಜೆ ಶಾಮೋಜಿ ಬಂದು ನೋಡಿದ. "ಆಹಾ, ಹೊಳೀತಾ ಇದೆ! ಸಾಕಲ್ಲವ್ವ?"

"ಸಾಲದು ಯಜಮಾನ್ರೇ."

ಎಂಟು ದಿನ ಬಿಟ್ಟು ಎರಡನೇ ಪದರ ಹಚ್ಚಿದಳು. ಸಂಜೆ ಶಾಮೋಜಿ ಬಂದ. "ಆಹಾ! ಈಗ ಸಾಕಲ್ಲವ್ವ?"

"ಸಾಲದು ಯಜಮಾನ್ರೇ."

ಮತ್ತೆ ಎಂಟು ದಿನ ಬಿಟ್ಟು ಮೂರನೇ ಪದರ. ಶಾಮೋಜಿ ಬಾಗಿಲಲ್ಲಿ ತನ್ನ ಮೀಸೆ ನೋಡ್ಕೊಂಡ, ತಿರುವಿದ, ಹೋದ. ಬರೀ ಸಂಜೆ ಹೊತ್ತು, ಅದೂ ಹೊಸ ಪದರ ಹೊಳೆಯೋ ದಿನ ಮಾತ್ರ ಬರ್ತಿದ್ದ ಪುಣ್ಯಾತ್ಮ. ನಡುವಿನ ಎಂಟೆಂಟು ದಿನ ಅವಳು ಏನು ಮಾಡ್ತಾಳೆ ಅಂತ ಒಂದು ದಿನವಾದರೂ ಕೇಳಿದವನಲ್ಲ.

ರಾಜ ಪಕ್ಕದ ರಾಜ್ಯಕ್ಕೆ ಮತ್ತೆ ಹೋದ. ದಾರೀಲಿ ಮಳೆ ಹೊಡೀತು. ಬಿಸಿಲು ಸುಟ್ಟಿತು. ಧೂಳು ಮೆತ್ತಿತು, ಸಾಲದು ಅಂತ ಕಾಗೆಗಳೂ ತಮ್ಮ ಕೈಲಾದದ್ದು ಮಾಡಿದವು. ಊರ ಬಾಗಿಲಲ್ಲಿ ಎರಡು ಕೊಡ ನೀರು ಹುಯ್ದರೆ, ಸಾರೋಟು ಮದುವಣಗಿತ್ತಿ ಹಾಗೆ ಥಳಥಳ! ನಗೋಕೆ ಅಂತ ಬಂದ ಮಂದಿ ಅದರಲ್ಲಿ ತಮ್ಮ ಮುಖ ನೋಡ್ಕೊಂಡು ಹೋದರು.

ವಾಪಸ್ಸು ಬಂದ ರಾಜ, "ಗಿಳಿ ಬರೀರಿ" ಅಂದ. ಅಷ್ಟರಲ್ಲಿ ಶಾಮೋಜಿ ಅಡ್ಡ ಬಿದ್ದ. "ಮಹಾಸ್ವಾಮಿ, ಮೆರುಗು ಹಾಕಿದ್ದು ನಾನು. ಈಕೆ ನೀರು ಹೊತ್ತಳು, ಅಷ್ಟೇ."

"ಅಯ್ಯೋ ನಿನ್ನ ನಾಲಿಗೆ ಸೇದಿಹೋಗಾ!" ಅಂದಳು ಕೆಂಚವ್ವ. ಆದರೆ ಸಾಕ್ಷಿ ಎಲ್ಲಿಂದ ತರೋದು? ಒಳಗೆ ಹೋದೋರು ಇಬ್ಬರೇ.

ರಾಜ ಯೋಚನೆ ಮಾಡಿ ಒಂದು ಬೋಗುಣಿ ಬೂದಿ ತರಿಸಿದ. "ಮಾಡಿದೋರು ಯಾರೋ ಅವರು ಈ ಬೂದೀಲಿ ಬಾಗಿಲು ಉಜ್ಜಿ." ಮಾಡಿದೋರಿಗೆ ಹೊಳಪು ಕೆಡಿಸೋಕೆ ಕೈ ಬರಲ್ಲ, ಸುಳ್ಳರಿಗೆ ಬರುತ್ತೆ ಅಂತ ಅವನ ಲೆಕ್ಕ.

ಶಾಮೋಜಿ ಏನು ದಡ್ಡನೇ? ಇಂಥಾ ನ್ಯಾಯದ ಕಥೆ ಅವನೂ ಬೇಕಾದಷ್ಟು ಕೇಳಿದ್ದ. ಸಾರೋಟನ್ನ ತಬ್ಕೊಂಡು ಗೋಳೋ ಅಂತ ಅತ್ತ. "ನನ್ನ ಕೂಸು ಇದು! ಒಂದು ಗೀರು ಬಿದ್ದರೆ ನನ್ನ ಎದೆ ಒಡೆಯುತ್ತೆ!" ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಮಾಡಿದೋನು ಇವನೇ ಅಂತ ರಾಜ ಅವನ ಕಡೆಗೆ ಕೈ ತೋರಿಸಿದ್ದೇ ತಡ...

ಕೆಂಚವ್ವ ಒದ್ದೆ ಬಟ್ಟೇಲಿ ಬೂದಿ ತಗೊಂಡು ಬಾಗಿಲನ್ನ ಗಸಗಸ ಉಜ್ಜಿಬಿಟ್ಟಳು! ಹೊಳೆಯೋ ಬಾಗಿಲು ಮಂಕಾಯ್ತು. ಕಾವಲುಗಾರರು ಕತ್ತಿ ಹಿರಿದರು.

"ತಾಳ್ರಪ್ಪಾ. ಯಜಮಾನ್ರೇ, ನೀವು ಹಿಂಗೆ ಎಷ್ಟು ಸಲ ಉಜ್ಜಿದ್ರಿ?"

"ಛೀ! ಒಂದು ಸಲವೂ ಇಲ್ಲ! ನನ್ನಾಣೆ!"

"ಕೇಳಿಸಿತಾ ಬುದ್ಧಿ? ಹೊಳೆಯೋ ಪದರದ ಮೇಲೆ ಇನ್ನೊಂದು ಪದರ ಕಚ್ಚಲ್ಲ. ಒಣಗಿದ ಮೇಲೆ ಉಜ್ಜಿ, ಮಂಕು ಮಾಡಿ, ಆಮೇಲೆ ಹಚ್ಚಬೇಕು. ಅದಕ್ಕೇ ಮಳೆಗೆ ಜಗ್ಗಲಿಲ್ಲ ಅದು. ನಂಬಿಕೆ ಇಲ್ಲದಿದ್ದರೆ ಈ ಬಾಗಿಲಿಗೆ ನಾನು ಹಚ್ಚುತೀನಿ, ಆ ಬಾಗಿಲಿಗೆ ಇವರು ತಮ್ಮ ಮಾತಿನಂತೆ ಉಜ್ಜದೇ ಹಚ್ಚಲಿ. ಎಂಟು ದಿನ ಬಿಟ್ಟು ನೋಡಿ."

ಹಂಗೇ ಆಯ್ತು. ಅದೇ ಮೆರುಗೆಣ್ಣೆ, ಅದೇ ಕುಂಚ. ಎಂಟು ದಿನ ಬಿಟ್ಟು ರಾಜ ಶಾಮೋಜಿಯ ಬಾಗಿಲಿಗೆ ಉಗುರು ಹಾಕಿದ. ಹೊಸ ಪದರ ಈರುಳ್ಳಿ ಸಿಪ್ಪೆ ಹಾಗೆ ಎದ್ದು ಬಂತು. ಕೆಂಚವ್ವನ ಬಾಗಿಲಿಗೆ ಉಗುರು ಹಾಕಿದ. ರಾಜನ ಉಗುರೇ ಮುರೀತು.

"ಅಲ್ಲವ್ವ, ಉಜ್ಜೋವಾಗ ನಿನಗೆ ಸಂಕಟ ಆಗಲಿಲ್ವೇ?" ಅಂದ ರಾಜ.

"ಮಗೂಗೆ ಕಿವಿ ಚುಚ್ಚೋವಾಗ ಅಯ್ಯೋ ಅನ್ನೋರು ನೋಡೋಕೆ ಬಂದೋರು ಬುದ್ಧಿ. ಹೆತ್ತೋಳು ಗಟ್ಟಿಯಾಗಿ ಹಿಡ್ಕೋತಾಳೆ."

ಗಿಳಿ ಬಾಗಿಲೇರಿತು. ಕೆಂಚವ್ವ ಅದನ್ನ ಬೇಕಂತಲೇ ಒಂದು ಗೇಣು ದೊಡ್ಡದಾಗಿ ಬರೆದಳು. ಶಾಮೋಜಿಯ ಯಜಮಾನಿಕೆ ಹೋಯ್ತು. ದಿನಾ ಬೆಳಿಗ್ಗೆ ಎದ್ದು ಸಾರೋಟು ತೊಳೆಯೋ ಕೆಲಸ ಅವನ ಪಾಲಿಗೆ ಬಂತು, ಗಿಳಿಯ ಕೊಕ್ಕಿನಿಂದ ಬಾಲದವರೆಗೂ.

ಅದಕ್ಕೇ ಹೇಳೋದು ಮಕ್ಕಳಾ: ಹೊಳಪು ಕಂಡು ನಂದು ಅನ್ನೋದು ಸುಲಭ, ಅದನ್ನ ಉಜ್ಜಿ ಉಜ್ಜಿ ಗಟ್ಟಿ ಮಾಡಿದವರದೇ ಅದು. ಕೆಂಚವ್ವ ನಮ್ಮ ಕೇರಿಯವಳು. ಈಗ ಏಳಿ, ನಿಮ್ಮ ನಿಮ್ಮ ಕುಂಚ ತೊಳೆದಿಡಿ.