ಸೊಂಟದ ಬಲಗಡೆ

"ಗುರುಗಳೇ, ಒಂದು ಸಣ್ಣ ಪಿಸ್ತೂಲು ತೆಗೆದುಕೊಳ್ಳಬೇಕು. ಅಂಗಿಯ ಒಳಗೆ ಇಟ್ಟರೆ ಹೊರಗೆ ಕಾಣಬಾರದು. ಯಾವುದು ತೆಗೆದುಕೊಳ್ಳಲಿ?"

ಶಿಷ್ಯ ಹೀಗೆ ಕೇಳಿದ. ಇಳಿಹೊತ್ತು. ಅವನ ಹೆಂಡತಿ ಹೊರಗೆ ಬೇವಿನ ಮರದ ಕೆಳಗೆ ಬೈಕಿನ ಪಕ್ಕ ನಿಂತಿದ್ದಳು. ಒಳಗೆ ಬಾರಮ್ಮ ಎಂದು ಗುರುಗಳು ಕರೆದಿದ್ದರು. ನೀವು ಮಾತಾಡಿಕೊಳ್ಳಿ ಎಂದು ಅಲ್ಲೇ ಉಳಿದಿದ್ದಳು.

ಗುರುಗಳು ಒಂದು ಕಾಲದಲ್ಲಿ ಕೋವಿ ದುರಸ್ತಿ ಮಾಡುತ್ತಿದ್ದವರು. ಆ ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಈಗ ಜನ ಅವರ ಬಳಿ ಬೇರೆ ಮಾತು ಕೇಳಲು ಬರುತ್ತಿದ್ದರು. ಆದರೂ ಕೋವಿಯ ಮಾತು ಬಂದರೆ ಎಲ್ಲರಿಗೂ ಅವರೇ ನೆನಪಾಗುತ್ತಿದ್ದರು.

"ಲೈಸೆನ್ಸ್ ಆಗಿದೆಯೋ?"

"ಆಗಿದೆ. ಆರು ತಿಂಗಳು ಓಡಾಡಿಸಿದರು."

"ಯಾರ ಭಯ?"

"ಅಂಗಡಿ ಮುಚ್ಚಿ ಬರುವಾಗ ದಾರಿಯಲ್ಲಿ ಇಬ್ಬರು ಅಡ್ಡ ನಿಂತಿದ್ದರು. ಏನೂ ಮಾಡಲಿಲ್ಲ. ನಗುತ್ತಾ ಹೋದರು. ಅವತ್ತಿನಿಂದ ನಿದ್ದೆ ಇಲ್ಲ. ಕೇಳಿದರೆ ಒಬ್ಬ ರಿವಾಲ್ವರ್ ತಗೋ, ಅದು ಕೈಕೊಡೋದಿಲ್ಲ ಅಂತಾನೆ. ಇನ್ನೊಬ್ಬ ಪಿಸ್ತೂಲೇ ಸರಿ, ಚಪ್ಪಟೆ ಇರ್ತದೆ ಅಂತಾನೆ. ನಳಿಕೆ ಮೂರು ಇಂಚು ಇದ್ರೆ ಸಾಕು ಅಂತಾನೆ ಮತ್ತೊಬ್ಬ. ನನಗೆ ತಲೆ ಕೆಟ್ಟುಹೋಗಿದೆ."

"ಎಲ್ಲಿ ಇಟ್ಟುಕೊಳ್ಳುತ್ತೀಯ?"

ಶಿಷ್ಯ ಸೊಂಟದ ಬಲಗಡೆ ಮುಟ್ಟಿ ತೋರಿಸಿದ.

ಗುರುಗಳು ಎದ್ದರು. ಗೋಡೆಯ ಗೂಡಿಗೆ ಕೈ ಹಾಕಿ ಬಟ್ಟೆ ಸುತ್ತಿದ ಒಂದು ತುಂಡು ತೆಗೆದರು. ಮರದ್ದು. ಪಿಸ್ತೂಲಿನ ಆಕಾರ, ಪಿಸ್ತೂಲಿನದೇ ತೂಕ. ಬಹಳ ದಿನ ಮೈಗೆ ಉಜ್ಜಿ ಒಂದು ಮಗ್ಗುಲು ನುಣುಪಾಗಿತ್ತು.

"ಇದನ್ನು ಅಲ್ಲಿ ಸಿಕ್ಕಿಸಿಕೋ. ಕೂತುಕೋ. ಒಂದು ಕತೆ ಇದೆ."

ಶಿಷ್ಯ ಸಿಕ್ಕಿಸಿಕೊಂಡು ಕೂತ. ಗುರುಗಳು ಹೇಳಿದರು.

ಒಬ್ಬ ವರ್ತಕನಿದ್ದ. ಬೆಳ್ಳಿ ಸಾಮಾನಿನ ವ್ಯಾಪಾರ. ಕಾಲುಂಗುರ, ಗೆಜ್ಜೆ, ಮಕ್ಕಳ ಉಡಿದಾರ. ಅಂಗಡಿ ಇರಲಿಲ್ಲ. ಸೋಮವಾರ ಒಂದು ಸಂತೆ, ಬುಧವಾರ ಒಂದು ಸಂತೆ, ಶುಕ್ರವಾರ ಒಂದು ಸಂತೆ. ಒಂದು ಹಳೆಯ ಸ್ಕೂಟರ್. ಮುಂದೆ ಅವನು, ಹಿಂದೆ ಅವನ ಹೆಂಡತಿ. ಅವಳ ತೊಡೆಯ ಮೇಲೆ ಬೆಳ್ಳಿಯ ಪೆಟ್ಟಿಗೆ.

ಅವಳು ಎರಡೂ ಕಾಲು ಒಂದೇ ಕಡೆ ಹಾಕಿ ಕೂರುತ್ತಿದ್ದಳು. ಎಡಗೈ ಪೆಟ್ಟಿಗೆಯ ಮೇಲೆ. ಬಲಗೈ ಗಂಡನ ಸೊಂಟದ ಬಲಗಡೆ. ಮದುವೆಯಾದ ಹೊಸತರಲ್ಲಿ ನಾಚಿಕೆ. ಸೀಟಿನ ಅಂಚು ಹಿಡಿಯುತ್ತಿದ್ದಳು. ಒಂದು ದಿನ ದಾರಿಯಲ್ಲಿ ಗುಂಡಿ ಬಂತು. ಹೆದರಿ ಸೊಂಟ ಹಿಡಿದಳು. ಹಿಡಿದ ಕೈ ಅಲ್ಲೇ ಉಳಿಯಿತು. ಹದಿನೆಂಟು ವರ್ಷ.

ಆ ಸ್ಕೂಟರಿನ ಸದ್ದಿನಲ್ಲಿ ಬಾಯಿಮಾತು ಕೇಳುತ್ತಿರಲಿಲ್ಲ. ಕೈಯೇ ಮಾತಾಡುತ್ತಿತ್ತು. ಒಂದು ಸಲ ಒತ್ತಿದರೆ ನಿಧಾನ. ಎರಡು ಸಲ ಒತ್ತಿದರೆ ಟೀ ಅಂಗಡಿ ಬಂತು, ನಿಲ್ಲಿಸು. ಚಿವುಟಿದರೆ ಬೆಳಗಿನ ಜಗಳ ಇನ್ನೂ ಮುಗಿದಿಲ್ಲ. ಒತ್ತಿ ಹಾಗೇ ಹಿಡಿದುಕೊಂಡರೆ, ಹಿಂದೆ ಯಾರೋ ಬರುತ್ತಿದ್ದಾರೆ, ನನಗೆ ಸರಿ ಕಾಣುತ್ತಿಲ್ಲ.

ಓಡಿಸುವವನಿಗೆ ಮುಂದಿನ ದಾರಿ ಮಾತ್ರ ಕಾಣುತ್ತದೆ. ಪಕ್ಕಕ್ಕೆ ಕೂತವಳಿಗೆ ಹಿಂದಿನದೂ ಕಾಣುತ್ತದೆ. ಅವಳು ಹಾಗೆ ಒತ್ತಿ ಹಿಡಿದರೆ ಅವನು ಹತ್ತಿರದ ಊರಿನಲ್ಲಿ ನಾಲ್ಕು ಜನ ಇರುವ ಕಡೆ ಗಾಡಿ ನಿಲ್ಲಿಸುತ್ತಿದ್ದ. ಹಿಂದೆ ಬಂದವರು ಮುಂದೆ ಹೋಗಿಬಿಡುತ್ತಿದ್ದರು. ಕಳ್ಳರೋ, ನೆಂಟರ ಮನೆಗೆ ಹೊರಟವರೋ, ಯಾರಿಗೆ ಗೊತ್ತು. ಇವರು ಟೀ ಕುಡಿದು ಹೊರಡುತ್ತಿದ್ದರು. ಸ್ಕೂಟರಿನ ಕನ್ನಡಿ ಒಡೆದು ಎಷ್ಟೋ ವರ್ಷವಾಗಿತ್ತು. ಅವನು ಹಾಕಿಸಿರಲಿಲ್ಲ. ಬೇಕು ಎಂದು ಅನಿಸಿಯೇ ಇರಲಿಲ್ಲ.

ಹೀಗಿರುವಾಗ ಇನ್ನೊಬ್ಬ ಬೆಳ್ಳಿ ವ್ಯಾಪಾರಿಯನ್ನು ದಾರಿಯಲ್ಲಿ ಹೊಡೆದು ದೋಚಿದರು. ವರ್ತಕ ಆಸ್ಪತ್ರೆಗೆ ಹೋಗಿ ನೋಡಿ ಬಂದ. ಆ ತಲೆಗೆ ಕಟ್ಟಿದ ಬಟ್ಟೆ ನೋಡಿದ ಮೇಲೆ ಅನ್ನ ಸೇರಲಿಲ್ಲ. ನನಗಾದರೆ ಆಗಲಿ, ಹಿಂದೆ ಇವಳು ಕೂತಿರುತ್ತಾಳಲ್ಲ ಎಂದುಕೊಂಡ. ಲೈಸೆನ್ಸ್ ಮಾಡಿಸಿದ. ಒಬ್ಬ ಕೋವಿ ಕೆಲಸದವನ ಬಳಿ ಹೋಗಿ ನೀನು ಕೇಳಿದ್ದನ್ನೇ ಕೇಳಿದ. ಸಣ್ಣದು ಬೇಕು, ಕಾಣಬಾರದು, ಯಾವುದು ತೆಗೆದುಕೊಳ್ಳಲಿ?

ಆ ಕೋವಿ ಕೆಲಸದವನದು ಒಂದು ಪದ್ಧತಿ. ಅವನು ಬಾಯಲ್ಲಿ ಹೇಳುತ್ತಿರಲಿಲ್ಲ. ಅವನ ಬಳಿ ಮೂರು ಮರದ ತುಂಡು ಇದ್ದವು. ಸಣ್ಣದು, ನಡುವಿನದು, ದೊಡ್ಡದು. ಒಳಗೆ ಸೀಸ ಹೊಯ್ದು ಪಿಸ್ತೂಲಿನಷ್ಟೇ ತೂಕ ಮಾಡಿದ್ದ. ಕೊಳ್ಳುವ ಮೊದಲು ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಅದನ್ನು ಸೊಂಟದಲ್ಲಿ ಇಟ್ಟುಕೊಂಡು ಓಡಾಡಬೇಕು. ಉಣ್ಣುವಾಗ, ಬಗ್ಗುವಾಗ, ಗಾಡಿ ಓಡಿಸುವಾಗ. ತೀರಾ ಸಣ್ಣದಾದರೆ ಸೊಂಟಕ್ಕೆ ಸುಖ, ಕೈಗೆ ಹಿಡಿತ ಸಿಗದು. ದೊಡ್ಡದಾದರೆ ಕೈಗೆ ಸರಿ, ಅಂಗಿ ಉಬ್ಬುತ್ತದೆ. ಯಾವ ಮೈಗೆ ಯಾವುದು ಎಂದು ಆ ಮೈಯೇ ಹೇಳಬೇಕು. ಎಷ್ಟೋ ಜನ ಹತ್ತು ದಿನಕ್ಕೇ ತುಂಡು ತಂದಿಟ್ಟು, ನಮಗೆ ಬೇಡಪ್ಪ ಎಂದು ಹೋಗುತ್ತಿದ್ದರು. ತನ್ನ ಪದ್ಧತಿಯ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ವರ್ತಕನಿಗೆ ಅವನು ನಡುವಿನ ತುಂಡು ಕೊಟ್ಟ.

"ನಾಲ್ಕು ಸಂಗತಿ ನೋಡಿಕೊಂಡು ಬನ್ನಿ, ಯಜಮಾನರೇ. ಹೊರಗೆ ಕಾಣುತ್ತದೋ. ಚುಚ್ಚುತ್ತದೋ. ಭಾರವೋ. ಕೈ ಹಾಕಿದರೆ ಒಂದೇ ಸಲಕ್ಕೆ ಸಿಗುತ್ತದೋ."

ನಾಲ್ಕೇ ಹೇಳಿದ. ಐದನೆಯದು ಅವನಿಗೆ ಹೊಳೆಯಲಿಲ್ಲ.

ಸೋಮವಾರ ಬಂತು. ವರ್ತಕ ಗಾಡಿ ಹತ್ತಿದ. ಹೆಂಡತಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಕೈ ಚಾಚಿದಳು.

"ಅಲ್ಲಿ ಹಿಡೀಬೇಡ ಕಣೇ."

"ಯಾಕ್ರೀ?"

"ಅಂಗಿ ಒತ್ತಿದ್ರೆ ಆಕಾರ ಕಾಣ್ತದೆ. ಹಿಂದೆ ಸ್ಟೆಪ್ನಿ ಹಿಡ್ಕೋ."

"ಹದಿನೆಂಟು ವರ್ಷದಿಂದ ನಾನಿದ್ದ ಜಾಗ. ಯಾರಿಗ್ರೀ ಬಾಡಿಗೆಗೆ ಕೊಟ್ರಿ?"

"ನಿನ್ನ ಕಾಯೋಕೇ ಇದು."

"ಮರದ ತುಂಡು ನನ್ನ ಕಾಯ್ತದಾ? ಹಾಗಾದ್ರೆ ಹೊಲದ ಬೆದರುಬೊಂಬೇನೂ ಕರ್ಕೊಂಡು ಬನ್ನಿ. ಮೂರು ಜನ ಹೋಗಾಣ."

ಅವಳು ನಕ್ಕಳು. ಅವನೂ ನಕ್ಕ. ಅವಳು ಸ್ಟೆಪ್ನಿ ಹಿಡಿದಳು. ಗಾಡಿ ಹೊರಟಿತು.

ಭುಜ ಹಿಡಿಯಬಹುದಿತ್ತು. ಹಿಡಿದಳು ಕೂಡ, ಒಂದು ದಿನ. ಅವನು ಬೆಚ್ಚಿಬಿದ್ದ. ಅವನ ಕೈ ಸೊಂಟಕ್ಕೆ ಹೋಯಿತು. ಗಾಡಿ ಅತ್ತಿತ್ತ ಓಲಾಡಿತು. ಮುಟ್ಟಬೇಡ ಎಂದು ಗದರಿದ. ಆ ತುಂಡು ಬಂದ ಮೇಲೆ ಯಾರು ಮುಟ್ಟಿದರೂ ಅವನು ಬೆಚ್ಚುತ್ತಿದ್ದ. ಆಮೇಲೆ ಅವಳು ಮುಟ್ಟಲಿಲ್ಲ.

ದಾರಿಯ ಟೀ ಅಂಗಡಿಯವನು ಗಾಡಿಯ ಸದ್ದು ಕೇಳಿದೊಡನೆ ಎರಡು ಲೋಟ ತೊಳೆದಿಡುವ ರೂಢಿ. ಆ ಸೋಮವಾರ ಗಾಡಿ ನಿಲ್ಲಲಿಲ್ಲ. ಬುಧವಾರವೂ ನಿಲ್ಲಲಿಲ್ಲ. ಒತ್ತಿ ಹೇಳುವ ಕೈ ಇರಲಿಲ್ಲವಲ್ಲ. ವರ್ತಕನಿಗೆ ಅದು ಗಮನಕ್ಕೇ ಬರಲಿಲ್ಲ. ಅವನು ಎದುರಿಗೆ ಬಂದವರ ಕಣ್ಣು ನೋಡುತ್ತಿದ್ದ. ಇವನು ನನ್ನ ಸೊಂಟ ನೋಡಿದನೋ, ಅವನು ನೋಡಿದನೋ. ಯಾರೂ ನೋಡಲಿಲ್ಲ. ತುಂಡು ಚುಚ್ಚಲಿಲ್ಲ. ಭಾರ ಮರೆತೇಹೋಯಿತು. ಮನೆಯಲ್ಲಿ ನಿಂತು ಕೈ ಹಾಕಿ ನೋಡುತ್ತಿದ್ದ. ಪ್ರತಿ ಸಲವೂ ಸಿಗುತ್ತಿತ್ತು. ಸರಿಯಾದ ಅಳತೆ ಸಿಕ್ಕಿತು ಎಂದು ಅವನಿಗೆ ಸಮಾಧಾನ.

ಹುಣ್ಣಿಮೆಗೆ ನಾಲ್ಕು ದಿನ ಉಳಿದಿತ್ತು. ಶುಕ್ರವಾರದ ಸಂತೆ ಮುಗಿಸಿ ಬರುತ್ತಿದ್ದರು. ಇನ್ನೂ ಬಿಸಿಲಿತ್ತು. ಹಿಂದೆ ಒಂದು ಬೈಕು ಬಂತು. ಮೇಲೆ ಇಬ್ಬರು. ಅವಳು ನೋಡಿದಳು. ಅವಳಿಗೆ ಸರಿ ಕಾಣಲಿಲ್ಲ. ಕೈ ತಾನಾಗಿ ಗಂಡನ ಸೊಂಟಕ್ಕೆ ಹೋಯಿತು. ಅರ್ಧ ದಾರಿಯಲ್ಲಿ ನೆನಪಾಯಿತು. ಹಿಂದಕ್ಕೆ ತೆಗೆದುಕೊಂಡಳು.

"ರೀ" ಎಂದಳು. ಗಾಡಿಯ ಸದ್ದು. ಇನ್ನೊಂದು ಸಲ ಜೋರಾಗಿ ಕೂಗಿದಳು. ಅವನು ಮುಂದೆ ನೋಡುತ್ತಿದ್ದ. ಮೊಣಕೈಯಿಂದ ತುಂಡು ಇದೆಯೋ ಎಂದು ಒತ್ತಿ ನೋಡಿಕೊಳ್ಳುತ್ತಿದ್ದ.

ಬೈಕಿನವರು ಪಕ್ಕಕ್ಕೆ ಬಂದು ಪೆಟ್ಟಿಗೆಗೆ ಕೈ ಹಾಕಿದರು. ಅವಳು ಬಿಡಲಿಲ್ಲ. ಪೆಟ್ಟಿಗೆಯ ಜೊತೆಗೇ ಬಿದ್ದಳು.

ಗಾಡಿ ಹಗುರಾದ ಮೇಲೆ ಅವನಿಗೆ ತಿಳಿಯಿತು. ನಿಲ್ಲಿಸಿದ. ತಿರುಗಿದ. ಕೈ ಹಾಕಿದ. ಒಂದೇ ಸಲಕ್ಕೆ ಸಿಕ್ಕಿತು. ತುಂಡು ಹಿಡಿದು ದಾರಿಯ ನಡುವೆ ನಿಂತ. ಬೈಕು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿತ್ತು. ಧೂಳು ಮಾತ್ರ ಇತ್ತು. ಪೆಟ್ಟಿಗೆ ಹೋಗಿತ್ತು. ಅದರ ಬಾಯಿ ತೆರೆದು ನಾಲ್ಕಾರು ಗೆಜ್ಜೆ ದಾರಿಯಲ್ಲಿ ಬಿದ್ದಿದ್ದವು. ಅವಳು ಎದ್ದು ಕೂತಿದ್ದಳು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

"ಮೊದಲು ಗೆಜ್ಜೆ ಆರಿಸ್ಕೊಳ್ಳಿ ರೀ. ಯಾವುದಾದ್ರೂ ಗಾಡಿ ಅದ್ರ ಮೇಲೆ ಹತ್ತಿಬಿಡ್ತದೆ" ಎಂದಳು.

ಮಣಿಕಟ್ಟು ಎರಡು ಕಡೆ ಮುರಿದಿತ್ತು. ಎರಡು ತಿಂಗಳು ಕಟ್ಟು ಹಾಕಿದರು. ಕಟ್ಟು ಬಿಚ್ಚಿದರು. ಬೆರಳು ಮಡಿಸಲಾಗಲಿಲ್ಲ.

ಆಮೇಲೆ ವರ್ತಕ ಕೋವಿ ಕೆಲಸದವನ ಬಳಿ ಹೋದ. ತುಂಡು ಮುಂದಿಟ್ಟ. ಬಹಳ ತಡ ಮಾಡಿದಿರಿ ಎಂದು ಅವನು ನಗುತ್ತಲೇ ಕೇಳಿದ, ಹೇಗಿತ್ತು?

"ಕಾಣಲಿಲ್ಲ. ಚುಚ್ಚಲಿಲ್ಲ. ಭಾರವಿಲ್ಲ. ಒಂದೇ ಸಲಕ್ಕೆ ಸಿಕ್ಕಿತು."

"ಮತ್ತೇನು! ಇದೇ ನಿಮ್ಮ ಅಳತೆ. ಕಣ್ಣು ಮುಚ್ಚಿ ತೆಗೆದುಕೊಳ್ಳಿ" ಎಂದ ಕೋವಿ ಕೆಲಸದವನು.

ವರ್ತಕ ನಡೆದದ್ದು ಹೇಳಿದ. ಬೈಯಲಿಲ್ಲ. ಹೇಳಿ ಎದ್ದು ಹೋದ. ಆ ದಿನ ಕೋವಿ ಕೆಲಸದವನು ಎರಡು ತುಂಡು ಒಲೆಗೆ ಹಾಕಿದ. ಒಂದನ್ನು ಇಟ್ಟುಕೊಂಡ. ಕೈಯಲ್ಲಿದ್ದ ಕೆಲಸ ಮುಗಿಸಿ ಅಂಗಡಿ ಮುಚ್ಚಿದ.

ಆ ಗಂಡ ಹೆಂಡತಿ ಮತ್ತೆ ಸಂತೆಗೆ ಹೋಗತೊಡಗಿದರು. ಹೊಸ ಪೆಟ್ಟಿಗೆ, ಅದೇ ಸ್ಕೂಟರ್. ಹೊರಡುವ ಮೊದಲು ಅವನೇ ಅವಳ ಬಲಗೈ ಎತ್ತಿ ತನ್ನ ಸೊಂಟದ ಬಲಗಡೆ ಇಟ್ಟುಕೊಳ್ಳುತ್ತಿದ್ದ. ಕೈ ಅಲ್ಲಿರುತ್ತಿತ್ತು. ಒತ್ತಲು ಆಗುತ್ತಿರಲಿಲ್ಲ. ಟೀ ಅಂಗಡಿ ಬಂದರೆ ಅವನೇ ನಿಲ್ಲಿಸುತ್ತಿದ್ದ.

"ನಿಲ್ಸು ಅಂದ್ಯಾ?"

"ಇಲ್ಲ ರೀ. ನಾನೇನೂ ಅನ್ನಲಿಲ್ಲ."

"ಅಂದ ಹಾಗಾಯ್ತು."

ಹೀಗೆ ನಾಲ್ಕು ವರ್ಷ. ಐದನೆಯ ವರ್ಷ ಅವಳಿಗೆ ಜ್ವರ ಬಂತು. ಹತ್ತು ದಿನ ಮಲಗಿದಳು. ಹೋದಳು. ವರ್ತಕ ಈಗಲೂ ಅದೇ ದಾರಿಯಲ್ಲಿ ಹೋಗುತ್ತಾನೆ. ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಅವಳು ಮೊದಲ ಸಲ ಸೊಂಟ ಹಿಡಿದ ಆ ಗುಂಡಿ ಮುಚ್ಚಿ ಟಾರು ಹಾಕಿದ್ದಾರೆ. ಅಲ್ಲಿ ಬಂದರೆ ಅವನು ನಿಧಾನ ಮಾಡುತ್ತಾನೆ. ಟೀ ಅಂಗಡಿಯವನು ಒಂದು ಲೋಟ ತೊಳೆಯುತ್ತಾನೆ. ಮರೆತ ದಿನ ಎರಡು ತೊಳೆಯುತ್ತಾನೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ನೀರು ಕುಡಿದರು.

ಶಿಷ್ಯ ಕೇಳಿದ. "ಗುರುಗಳೇ, ಅದು ಮರದ್ದಾಗಿತ್ತಲ್ಲ. ನಿಜವಾದದ್ದೇ ಇದ್ದಿದ್ದರೆ?"

"ಅವನು ತಿರುಗಿದ್ದು ಗಾಡಿ ಹಗುರಾದ ಮೇಲೆ ಕಣಪ್ಪ."

ಶಿಷ್ಯ ಸೊಂಟದ ತುಂಡು ತೆಗೆದ. ನುಣುಪಾದ ಮಗ್ಗುಲನ್ನು ಒಮ್ಮೆ ಸವರಿದ. ಗುರುಗಳ ಮುಂದೆ ಚಾಪೆಯ ಮೇಲೆ ಇಟ್ಟ. ಆದರೂ ಅವನ ಮುಖದಲ್ಲಿ ಆ ಇಬ್ಬರ ಭಯ ಇನ್ನೂ ಇತ್ತು.

"ಹಾಗಾದರೆ ನನಗೆ ಬೇಡವೇ? ಬೇಕೇ? ಒಂದು ಮಾತು ಹೇಳಿಬಿಡಿ."

ಹೊರಗಿನಿಂದ ಅವನ ಹೆಂಡತಿ ಕೂಗಿದಳು. "ರೀ, ಹೊತ್ತು ಮುಳುಗ್ತಾ ಇದೆ. ಮಾತು ಮುಗೀತಾ ಇಲ್ವಾ?"

ಗುರುಗಳು ತುಂಡಿಗೆ ಮತ್ತೆ ಬಟ್ಟೆ ಸುತ್ತುತ್ತಾ ಹೇಳಿದರು:

"ಮನೆ ಮುಟ್ಟುವವರೆಗೆ ಅವಳ ಕೈ ಎಲ್ಲಿರುತ್ತದೆ ನೋಡಿಕೊಂಡು ಹೋಗು, ಪಿಸ್ತೂಲಿನ ಅಳತೆ ನಾಳೆ ಬಂದು ಕೇಳು."